ಖರ್ಚಿನ ಚೀಟಿ ಬಿಸಾಡಬೇಡಿ
ಮೈಸೂರಿನ ವಿಜಯನಗರದಂಥ ಬಡಾವಣೆಗೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಸಂಬಳದ ಜೊತೆ ಬಿಡುವಿನ ಕೆಲಸವೂ ಇದೆ. ಮಗ ಮದುವೆ ವೀಡಿಯೊ ಎಡಿಟ್ ಮಾಡ್ತಾನೆ, ಸೊಸೆ ಮೆಹಂದಿ ಹಾಕ್ತಾಳೆ. ಅಪರೂಪಕ್ಕೆ ಬರುವ ಈ ಹಣಕ್ಕೆ ರಿಟರ್ನ್ ಯಾಕೆ ಅಂತ ಕೇಳುವವರೇ ಹೆಚ್ಚು. ಕೆಲಸ ಕೊಟ್ಟವರು ಟಿಡಿಎಸ್ ಹಿಡಿದಿದ್ದರೆ, ರಿಟರ್ನ್ ಹಾಕದೆ ಅದು ವಾಪಸ್ ಬರೋದಿಲ್ಲ.

ತೆರಿಗೆ ಕೈಗೆ ಬಂದ ಅಷ್ಟೂ ಹಣಕ್ಕಲ್ಲ, ಖರ್ಚು ಕಳೆದು ಉಳಿದ ಲಾಭಕ್ಕೆ. ಕೆಲಸಕ್ಕೆಂದೇ ಆದ ಖರ್ಚನ್ನು ಕಳೆಯಲು ಕಾನೂನೇ ಬಿಟ್ಟಿದೆ: ಇಂಟರ್ನೆಟ್, ಕ್ಯಾಮರಾ ಬಾಡಿಗೆ, ಬಸ್ ಚಾರ್ಜು, ಮೆಹಂದಿ ಕೋನು. ಕಂಪ್ಯೂಟರಿನ ಬೆಲೆ ಮಾತ್ರ ಒಂದೇ ಸಲ ಕಳೆಯುವಂತಿಲ್ಲ, ಸವಕಳಿ ಲೆಕ್ಕದಲ್ಲಿ ವರ್ಷ ವರ್ಷ ಕಳೆಯಬೇಕು. ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಒಪ್ಪೋದಿಲ್ಲ.

ಹಾಗಂತ ಮನೆಯ ಮೊಬೈಲ್ ಬಿಲ್ಲನ್ನೆಲ್ಲ ಕೆಲಸದ ಲೆಕ್ಕಕ್ಕೆ ತಳ್ಳುವುದೇ? ಮಕ್ಕಳು ಕಾರ್ಟೂನ್ ನೋಡಿದ ಡೇಟಾವೂ ಅದರಲ್ಲಿದೆಯಲ್ಲ! ಎಷ್ಟು ಪಾಲು ಕೆಲಸಕ್ಕೋ ಅಷ್ಟೇ ಬರೆಯಿರಿ. ಸುಳ್ಳು ಬಿಲ್ ಮಾಡಿಸುವುದು ಹರಾಮ್, ಇಲಾಖೆಗೆ ಗೊತ್ತಾಗದಿದ್ದರೂ ಹರಾಮ್. ಸಾಲದ ವ್ಯವಹಾರ ಬರೆದಿಡಿ ಎನ್ನುವ ಸೂರಃ ಅಲ್‌ಬಕರದ 282ನೇ ಆಯತ್ ನಾವೆಲ್ಲ ಓದಿದವರೇ. ಈ ಲೆಕ್ಕಕ್ಕೂ ಒಂದು ನೋಟ್‌ಬುಕ್ ಇಡಿ. ಸಂಬಳದವರ ‘ಸಹಜ್’ ಫಾರ್ಮಿನಲ್ಲಿ ಈ ಆದಾಯ ತೋರಿಸುವಂತಿಲ್ಲ. ಖರ್ಚು ಕಳೆಯುವುದಾದರೆ ಐಟಿಆರ್-3 ಬೇಕು.