ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳ ಮನಃಸ್ವಾಸ್ಥ್ಯ ರಕ್ಷಣೆಯ ಬಗ್ಗೆ ಮನವಿ ಪತ್ರ

ಇವರಿಗೆ:
ಮಾನ್ಯ ಆಯುಕ್ತರು,
ಕಾಲೇಜು ಶಿಕ್ಷಣ ಇಲಾಖೆ,
ಬೆಂಗಳೂರು

ಇವರಿಂದ:
ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿಗಳ ಪೋಷಕರು ಹಾಗೂ ನಿವೃತ್ತ ಅಧ್ಯಾಪಕರು

ವಿಷಯ: ಅಂಕ ಮತ್ತು ಹಾಜರಿಗಳ ಅಧಿಕಾರವಿಲ್ಲದ ಪೂರ್ಣಾವಧಿ ಆಪ್ತಸಮಾಲೋಚಕರ ನೇಮಕ ಹಾಗೂ ತತ್ಸಂಬಂಧವಾದ ಏರ್ಪಾಡುಗಳನ್ನು ಕೋರಿ.

ಮಾನ್ಯರೇ,

ರಾಜ್ಯದ ನಾನೂರಕ್ಕೂ ಮಿಕ್ಕ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ವ್ಯಾಸಂಗ ಮಾಡುತ್ತಿರುವ ತರುಣ ತರುಣಿಯರಲ್ಲಿ ಬಹುಮಂದಿ ತಂತಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲೇರಿದ ಮೊದಲಿಗರೆಂಬುದೂ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರು ಇಂಗ್ಲಿಷಿನ ಪಠ್ಯಗಳ ಮುಂದೆ ಮೊದಲ ಸೆಮಿಸ್ಟರಿನಲ್ಲಿಯೇ ಎದೆಗುಂದುವುದುಂಟೆಂಬುದೂ, ವಿದ್ಯಾರ್ಥಿವೇತನದ ವಿಳಂಬ, ಮನೆಯ ಸಾಲ, ಹೆಣ್ಣುಮಕ್ಕಳಿಗಾದರೆ ವಿವಾಹದ ಒತ್ತಾಯ ಇವೆಲ್ಲವೂ ಆ ಅಧೈರ್ಯವನ್ನು ಇಮ್ಮಡಿಗೊಳಿಸುವುವೆಂಬುದೂ ಇಲಾಖೆಗೆ ಅವಿದಿತವಾದ ಸಂಗತಿಗಳಲ್ಲ. ೨೦೨೨ನೆಯ ಇಸವಿಯೊಂದರಲ್ಲಿಯೇ ದೇಶದಲ್ಲಿ ೧೩,೦೪೪ ಮಂದಿ ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮೃತರಾದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಮಾಡಿದೆ. ಸಾವಿನವರೆಗೆ ಹೋಗದೆ, ಕೊನೆಯ ಬೆಂಚಿನಲ್ಲಿ ಮೌನವಾಗಿ ಕುಳಿತಿದ್ದು, ಒಂದು ದಿನ ಕಾಲೇಜಿಗೆ ಬರುವುದನ್ನೇ ಬಿಟ್ಟವರು ಆ ಲೆಕ್ಕದಲ್ಲಿ ಸೇರಿದವರಲ್ಲ.

ವ್ಯವಸ್ಥೆಯೇ ಇಲ್ಲವೆಂದು ದೂರುವುದಕ್ಕಾಗಿ ನಾವು ಈ ವಿಜ್ಞಾಪನೆಯನ್ನು ಬರೆಯುತ್ತಿಲ್ಲ. ಕಾಗದದ ಮೇಲೆ ವ್ಯವಸ್ಥೆಯುಂಟು. ನಮ್ಮೂರ ಕಾಲೇಜಿನಲ್ಲಿಯೂ ಆಪ್ತಸಮಾಲೋಚನಾ ಕೋಶವೆಂಬ ಫಲಕವೊಂದು ತೂಗುತ್ತಿದೆ, ಮತ್ತು ಮಾನ್ಯತಾ ಸಮಿತಿಯವರು ಬರುವರೆಂದಾಗ ಅದಕ್ಕೆ ಹೊಸ ಬಣ್ಣವೂ ಬೀಳುತ್ತದೆ. ಆದರೆ ಆ ಕೋಶದ ಸಂಚಾಲಕರು ಯಾರು? ಆಂತರಿಕ ಅಂಕಗಳನ್ನು ಹಾಕುವ, ಹಾಜರಿ ಪುಸ್ತಕವನ್ನು ಹಿಡಿದಿರುವ, ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡುವ ಅಧ್ಯಾಪಕರೇ. ಅವರು ಸಜ್ಜನರಾಗಿರಬಹುದು, ವಿದ್ಯಾರ್ಥಿವತ್ಸಲರೂ ಆಗಿರಬಹುದು. ಆದರೂ ತನ್ನ ಅಂಕವನ್ನು ನಿರ್ಣಯಿಸುವವರ ಎದುರಿನಲ್ಲಿ ಕುಳಿತು, ರಾತ್ರಿ ನಿದ್ರೆ ಬರುತ್ತಿಲ್ಲವೆಂದೂ ಬದುಕಿನಲ್ಲಿ ಆಸ್ಥೆ ಉಳಿದಿಲ್ಲವೆಂದೂ ಹೇಳಿಕೊಳ್ಳುವಷ್ಟು ಧೈರ್ಯವನ್ನು ಹತ್ತೊಂಬತ್ತರ ಹರೆಯದ ಹುಡುಗನಿಂದಾಗಲಿ ಹುಡುಗಿಯಿಂದಾಗಲಿ ನಿರೀಕ್ಷಿಸುವುದು ನ್ಯಾಯವಲ್ಲ. ಸಂಚಾಲಕರು ಅತಿಥಿ ಉಪನ್ಯಾಸಕರಾದರಂತೂ, ಮುಂದಿನ ವರ್ಷ ತಾವೇ ಇರುವರೋ ಇಲ್ಲವೋ ಎಂಬ ಚಿಂತೆ ಅವರನ್ನು ಬಾಧಿಸುತ್ತಿರುತ್ತದೆ.

ವಿಶಾಖಪಟ್ಟಣದ ವಿದ್ಯಾರ್ಥಿನಿಯೊಬ್ಬಳ ಮರಣಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೫ನೆಯ ಜುಲೈ ೨೫ರಂದು ನೀಡಿದ ತೀರ್ಪಿನಲ್ಲಿ, ನೂರು ಅಥವಾ ಅದಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರನ್ನಾಗಲಿ, ಮನಶ್ಶಾಸ್ತ್ರಜ್ಞರನ್ನಾಗಲಿ, ಮಾನಸಿಕ ಆರೋಗ್ಯದ ವಿಷಯದಲ್ಲಿ ತರಬೇತಿ ಹೊಂದಿದ ಸಮಾಜಕಾರ್ಯಕರ್ತರನ್ನಾಗಲಿ ಒಬ್ಬರನ್ನಾದರೂ ಹೊಂದಿರತಕ್ಕದ್ದೆಂದು ವಿಧಿಸಿರುವುದರಿಂದ, ನಾವು ಬೇಡುತ್ತಿರುವುದು ಅನುಗ್ರಹವನ್ನಲ್ಲ, ವಿಧಿಯ ಪಾಲನೆಯನ್ನು. ಆದುದರಿಂದ ಮನಶ್ಶಾಸ್ತ್ರದಲ್ಲಾಗಲಿ ಸಮಾಜಕಾರ್ಯದಲ್ಲಾಗಲಿ ಸ್ನಾತಕೋತ್ತರ ಪದವಿಯನ್ನೂ ಸೂಕ್ತ ತರಬೇತಿಯನ್ನೂ ಪಡೆದು, ಕನ್ನಡದಲ್ಲಿ ಸರಾಗವಾಗಿ ಮಾತನಾಡಬಲ್ಲ ಪೂರ್ಣಾವಧಿ ಆಪ್ತಸಮಾಲೋಚಕರನ್ನು ಇಂತಹ ಪ್ರತಿಯೊಂದು ಕಾಲೇಜಿಗೂ ನೇಮಿಸಬೇಕು. ಅವರಿಗೆ ಬೋಧನೆ, ಅಂಕ, ಹಾಜರಿ, ಶಿಸ್ತುಕ್ರಮ ಇವುಗಳಲ್ಲಿ ಯಾವುದರ ಹೊಣೆಯನ್ನೂ ವಹಿಸಕೂಡದು. ಅವರು ಪ್ರಾಂಶುಪಾಲರಿಗಲ್ಲ, ಪ್ರಾದೇಶಿಕ ಜಂಟಿ ನಿರ್ದೇಶಕರ ಕಚೇರಿಗೆ ಉತ್ತರದಾಯಿಗಳಾಗಿರಬೇಕು. ಬಾಗಿಲು ಮುಚ್ಚಿಕೊಳ್ಳುವ ಒಂದು ಕೊಠಡಿಯೂ ಬೇಕು. ಸಿಬ್ಬಂದಿ ಕೊಠಡಿಯ ಮೂಲೆಯಲ್ಲಿ ಪರದೆ ಕಟ್ಟಿ ಮಾಡಿದ ಸ್ಥಳದಲ್ಲಿ ಯಾರೂ ಅಂತರಂಗವನ್ನು ತೆರೆಯಲಾರರು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಚಾರಕ್ಕೆ ತಮ್ಮ ಗಮನವನ್ನು ವಿಶೇಷವಾಗಿ ಸೆಳೆಯಬಯಸುತ್ತೇವೆ. ಮನೋವೈದ್ಯರಲ್ಲಿ ಚಿಕಿತ್ಸೆ ಪಡೆಯುತ್ತಿರುವ ವಿದ್ಯಾರ್ಥಿಯು ಹಾಜರಿಯ ವಿನಾಯಿತಿಗಾಗಿ ತಂದ ವೈದ್ಯಕೀಯ ಪ್ರಮಾಣಪತ್ರವನ್ನು ಕಚೇರಿಯ ಕಿಟಕಿಯಲ್ಲಿ ಕೊಡಬೇಕಾಗುತ್ತದೆ. ಅದರ ತಲೆಯ ಮೇಲಿನ ಮನೋವೈದ್ಯಕೀಯ ವಿಭಾಗವೆಂಬ ಅಕ್ಷರಗಳನ್ನು ಗುಮಾಸ್ತರು ಓದುತ್ತಾರೆ, ಹಿಂದೆ ಸಾಲಿನಲ್ಲಿ ನಿಂತವರೂ ಓದುತ್ತಾರೆ, ಸಂಜೆಯ ಬಸ್ಸು ಹೊರಡುವುದರೊಳಗೆ ಊರಿಗೂ ಸುದ್ದಿ ಮುಟ್ಟುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ೨೩ನೆಯ ಪ್ರಕರಣವು ಚಿಕಿತ್ಸೆ ನೀಡುವವರನ್ನು ಗೋಪ್ಯತೆಗೆ ಬದ್ಧರನ್ನಾಗಿಸಿದೆಯಾದರೂ, ಕಾಲೇಜಿನ ಕಿಟಕಿಯಲ್ಲಿ ಆ ಗೋಪ್ಯತೆ ಸೋರಿಹೋಗುತ್ತಿರುವುದನ್ನು ತಡೆಯುವವರಿಲ್ಲ. ಮನೋಚೈತನ್ಯ ಯೋಜನೆಯ ಮೇರೆಗೆ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ಏರ್ಪಾಡು ನಮ್ಮ ರಾಜ್ಯದ ಹೆಮ್ಮೆಯೇ ಸರಿ. ಆದರೆ ಮಂಗಳವಾರ ಆಸ್ಪತ್ರೆಗೆ ಹೋದವನಿಗೆ ಅಂದಿನ ತರಗತಿಗಳು ತಪ್ಪಿ, ಪ್ರತಿಶತ ೭೫ರ ಹಾಜರಿಗೆ ಕೊರತೆಯಾಗಿ, ಕೊನೆಗೆ ಪರೀಕ್ಷೆಯ ಪ್ರವೇಶಪತ್ರವೇ ದೊರೆಯದೆ ಹೋಗುವುದಾದರೆ, ಒಂದು ಇಲಾಖೆ ಕೊಟ್ಟ ಔಷಧವನ್ನು ಇನ್ನೊಂದು ಇಲಾಖೆ ಕಿತ್ತುಕೊಂಡಂತಾಯಿತು. ರೋಗದ ಹೆಸರಾಗಲಿ ವಿಭಾಗದ ಹೆಸರಾಗಲಿ ಇಲ್ಲದೆ, ಚಿಕಿತ್ಸೆಯ ದಿನಗಳನ್ನಷ್ಟೇ ದೃಢೀಕರಿಸಿ ಆಪ್ತಸಮಾಲೋಚಕರು ಕೊಡುವ ಚೀಟಿಯನ್ನು ಹಾಜರಿಯ ವಿನಾಯಿತಿಗೆ ಸಾಕಾದ ಆಧಾರವೆಂದು ಪರಿಗಣಿಸುವಂತೆ ಇಲಾಖೆಯು ವಿಶ್ವವಿದ್ಯಾನಿಲಯಗಳೊಡನೆ ಸಮಾಲೋಚಿಸಿ ಆಜ್ಞೆ ಹೊರಡಿಸಬೇಕು.

ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದ ವಿದ್ಯಾರ್ಥಿಯ ತಂದೆತಾಯಿಗಳನ್ನು ಕರೆಸಿ, ವರ್ಗಾವಣೆ ಪತ್ರ ಒಯ್ಯಿರೆಂದು ಸೂಚಿಸುವ ಪದ್ಧತಿ ಎಲ್ಲೇ ಇರಲಿ, ಅದನ್ನು ಸ್ಪಷ್ಟವಾಗಿ ನಿಷೇಧಿಸಬೇಕು. ಅಂತಹ ವ್ಯಕ್ತಿ ತೀವ್ರ ಒತ್ತಡಕ್ಕೆ ಒಳಗಾಗಿದ್ದನೆಂದೇ ಭಾವಿಸತಕ್ಕದ್ದೆಂದು ಅದೇ ಕಾಯಿದೆಯ ೧೧೫ನೆಯ ಪ್ರಕರಣ ಹೇಳಿ, ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿರುವಾಗ, ಸರ್ಕಾರಿ ಕಾಲೇಜೇ ಅವನನ್ನು ಹೊರಗಟ್ಟುವುದು ಕ್ರೌರ್ಯವೆಂಬುದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿನಿಲಯಗಳು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಅಧೀನದಲ್ಲಿರುವುದರಿಂದ, ಅಲ್ಲಿನ ವಾರ್ಡನ್ನರಿಗೆ ಮನಃಸ್ವಾಸ್ಥ್ಯದ ವಿಷಯದಲ್ಲಿ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಿಸುವ ಬಗ್ಗೆ ಆ ಇಲಾಖೆಗಳೊಡನೆ ತಾವು ಪತ್ರವ್ಯವಹಾರ ನಡೆಸಬೇಕೆಂದು ಬೇಡುತ್ತೇವೆ. ಈ ಕಾರ್ಯಕ್ಕೆ ನೆರವಾಗಬಲ್ಲ ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇರುವುದು ನಮ್ಮ ಭಾಗ್ಯ. ೨೦೨೨ನೆಯ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ೧೪೪೧೬. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುವ ಈ ನೆರವಿನ ಸಂಖ್ಯೆಯನ್ನು ಪ್ರವೇಶಪತ್ರ, ಗುರುತಿನ ಚೀಟಿ ಮತ್ತು ಅಂಕಪಟ್ಟಿಗಳ ಮೇಲೆ ಮುದ್ರಿಸಲು ಖರ್ಚೇನೂ ತಗಲದು.

ನೇಮಕಕ್ಕೆ ಹಣ ತಗಲುವುದೆಂಬುದನ್ನು ನಾವು ಬಲ್ಲೆವು. ಎಲ್ಲ ಕಾಲೇಜುಗಳಿಗೂ ಒಂದೇ ವರ್ಷದಲ್ಲಿ ಸಾಧ್ಯವಾಗದಿದ್ದಲ್ಲಿ, ಜಿಲ್ಲಾಸ್ಪತ್ರೆಯಿಂದ ದೂರವಿರುವ ತಾಲ್ಲೂಕುಗಳ ಕಾಲೇಜುಗಳಿಂದಲೇ ಆರಂಭಿಸಬೇಕು. ಹಾಜರಿಯ ವಿನಾಯಿತಿ, ಗೋಪ್ಯತೆ ಮತ್ತು ವರ್ಗಾವಣೆ ಪತ್ರ ಈ ಮೂರನ್ನು ಕುರಿತ ಆಜ್ಞೆಗಳಿಗಾದರೋ ಆಯವ್ಯಯದ ಅನುಮೋದನೆ ಬೇಕಿಲ್ಲವಾದುದರಿಂದ, ಬರುವ ಶೈಕ್ಷಣಿಕ ವರ್ಷದ ಪ್ರವೇಶಗಳು ಆರಂಭವಾಗುವುದಕ್ಕೆ ಮುಂಚೆಯೇ ಅವನ್ನು ಹೊರಡಿಸಿ, ಪ್ರತಿಯೊಂದು ಕಾಲೇಜಿನ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಪಡಿಸಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇವೆ.

ಇಂತು ತಮ್ಮ ವಿಶ್ವಾಸಿಗಳು,
ಪೋಷಕರು ಮತ್ತು ನಿವೃತ್ತ ಅಧ್ಯಾಪಕರು
(ರುಜುಗಳು ಲಗತ್ತಾಗಿವೆ)