ನೆರಳಿನಲ್ಲಿ ಕೂರಿಸಿದ ಎಂಜಿನಿಯರ್

"ಬಿಸಿಲಲ್ಲಿ ನೀನ್ಯಾಕಮ್ಮ ಒದ್ದಾಡ್ತೀಯ? ಆಫೀಸಿನಲ್ಲೇ ಇರು. ಎಸ್ಟಿಮೇಟು, ಫೈಲು ನೋಡ್ಕೊಂಡ್ರೆ ಸಾಕು."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಮಾತು ಕೇಳದ ಸಿವಿಲ್ ಎಂಜಿನಿಯರ್ ಹುಡುಗಿ ನಮ್ಮ ಕಡೆ ಸಿಗುವುದು ಕಷ್ಟ. ಹೇಳುವವರು ಕೆಟ್ಟವರೇನಲ್ಲ. ಮನೆಯಲ್ಲಿ ಅದೇ ವಯಸ್ಸಿನ ಮಗಳಿರುವ ಹಿರಿಯ ಅಧಿಕಾರಿಗಳು ಅಕ್ಕರೆಯಿಂದಲೇ ಹೇಳುತ್ತಾರೆ. ಆದರೂ ಹೆಣ್ಣುಮಕ್ಕಳ ಎಂಜಿನಿಯರಿಂಗ್ ಬದುಕಿಗೆ ಇವತ್ತು ದೊಡ್ಡ ಅಡ್ಡಿ ಈ ಅಕ್ಕರೆಯೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದಾವಣಗೆರೆಯಲ್ಲಿ ಸಿವಿಲ್ ಓದಿ, ಪರೀಕ್ಷೆ ಪಾಸಾಗಿ, ಇಲಾಖೆಯೊಂದಕ್ಕೆ ಜೂನಿಯರ್ ಎಂಜಿನಿಯರ್ (ಜೆಇ) ಆಗಿ ಸೇರಿದ ಹುಡುಗಿಯೊಬ್ಬಳು ನಮಗೆ ಬೇಕಾದವಳು. ಜೊತೆಯಲ್ಲೇ ಸೇರಿದ ಹುಡುಗರನ್ನು ಸೇತುವೆಗೆ, ನಾಲೆಗೆ ಹಾಕಿದರು. ಇವಳಿಗೆ ಟೇಬಲ್ಲು ಕೊಟ್ಟರು. ಬೇರೆಯವರು ಅಳೆದು ತಂದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವುದರಲ್ಲೇ ವರ್ಷಗಳು ಕಳೆದವು. ಆಮೇಲೆ ದೊಡ್ಡ ಕಾಮಗಾರಿಯೊಂದಕ್ಕೆ ಜನ ಬೇಕಾದಾಗ, ಫೀಲ್ಡ್ ಅನುಭವ ಇಲ್ಲವೆಂದು ಇವಳ ಹೆಸರು ಬಿಟ್ಟರು. ಅನುಭವ ಸಿಗದಂತೆ ಮಾಡಿದವರೂ ಅನುಭವ ಇಲ್ಲ ಎಂದವರೂ ಅದೇ ಕಚೇರಿಯವರು. ಅವಳು ಇದನ್ನು ಹೇಳುವಾಗ ಅಳಲಿಲ್ಲ, ಸಿಟ್ಟಾಗಿದ್ದಳು. ಆ ಸಿಟ್ಟು ಸರಿಯಾಗಿಯೇ ಇತ್ತು.

ಸೈಟಿನಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಸ್ಲ್ಯಾಬ್ ಹಾಕುವ ದಿನ ಹೋಗಿ ನೋಡಿ. ಬೆಳಿಗ್ಗೆಯಿಂದ ಮಿಕ್ಸರ್ ತಿರುಗುತ್ತಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾಂಕ್ರೀಟ್ ಬಿಗಿಯತೊಡಗುತ್ತದೆ, ಆಳುಗಳಿಗೆ ಸುಸ್ತು. ಮೇಸ್ತ್ರಿ ನೀರಿನ ಪೈಪು ಎತ್ತಿಕೊಳ್ಳುತ್ತಾನೆ: "ಒಂಚೂರು ನೀರು ಬಿಟ್ರೆ ಸಲೀಸಾಗಿ ಹರಿಯುತ್ತೆ ಮೇಡಂ." ಹರಿಯುವುದು ನಿಜ. ಆದರೆ ಸಿಮೆಂಟಿಗೆ ಬೇಕಾದ್ದಕ್ಕಿಂತ ಹೆಚ್ಚು ಬಿದ್ದ ನೀರು ಆರಿಹೋದಾಗ ಒಳಗೆಲ್ಲ ಸಣ್ಣ ಸಣ್ಣ ತೂತು ಉಳಿಯುತ್ತವೆ, ಕಾಂಕ್ರೀಟಿನ ಗಟ್ಟಿತನ ಇಳಿಯುತ್ತದೆ. ಅದೇ ಮಿಶ್ರಣ ತುಂಬಿಟ್ಟ 15 ಸೆಂ.ಮೀ. ಕ್ಯೂಬನ್ನು 28 ದಿನ ಬಿಟ್ಟು ಲ್ಯಾಬಿನಲ್ಲಿ ಒಡೆದಾಗ ಬಂಡವಾಳ ಬಯಲಾಗುತ್ತದೆ. ಅಷ್ಟು ಹೊತ್ತಿಗೆ ಸೆಂಟ್ರಿಂಗ್ ಬಿಚ್ಚಿ ಮೇಲಿನ ಗೋಡೆ ಎದ್ದಿರುತ್ತದೆ. ಪೈಪು ಕೈಯಲ್ಲಿ ಹಿಡಿದು, ತನಗಿಂತ ಇಪ್ಪತ್ತು ವರ್ಷ ಹೆಚ್ಚು ಕೆಲಸ ಕಂಡ ಮನುಷ್ಯ ಎದುರಿಗೆ ನಿಂತಾಗ "ನಿಲ್ಲಿಸಿ" ಎನ್ನಬೇಕಲ್ಲ, ಆ ದನಿ ಪುಸ್ತಕ ಓದಿ ಬರುವುದಿಲ್ಲ. ಹತ್ತಾರು ಸ್ಲ್ಯಾಬಿನ ಪಕ್ಕ ನಿಂತು, ಎರಡು ಮೂರು ಸಲ ಜಗಳವಾಗಿ, ಒಮ್ಮೆ ತಾನೇ ಸರಿಯೆಂದು ಎಲ್ಲರೆದುರು ಸಾಬೀತಾದ ಮೇಲೆ ಬರುತ್ತದೆ. ಹುಡುಗರಿಗೂ ಹಾಗೇ ಬರುವುದು.

ಜಮ್ಮು-ಕಾಶ್ಮೀರದ ಚೆನಾಬ್ ರೈಲ್ವೆ ಸೇತುವೆ 2025ರ ಜೂನ್‌ನಲ್ಲಿ ಉದ್ಘಾಟನೆಯಾದಾಗ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ ಅವರ ಹೆಸರು ಎಲ್ಲ ಕಡೆ ಓಡಾಡಿತು. ನದಿಯಿಂದ 359 ಮೀಟರ್ ಎತ್ತರದ ಆ ಸೇತುವೆಗೆ ಅವರು 17 ವರ್ಷ ಭೂತಾಂತ್ರಿಕ ಸಲಹೆಗಾರರಾಗಿದ್ದರು. ಪತ್ರಿಕೆಗಳು ಎತ್ತರವನ್ನೂ ಅವರು ಹೆಣ್ಣು ಎಂಬುದನ್ನೂ ದೊಡ್ಡದು ಮಾಡಿದವು. ನನಗೆ ಮುಖ್ಯ ಅನ್ನಿಸಿದ್ದು ಅಲ್ಲಿ ಕೆಲಸ ನಡೆದ ರೀತಿ. ಆ ಬೆಟ್ಟದ ಬಂಡೆಯಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಪೊಳ್ಳಿದೆ ಎಂಬುದು ಮೊದಲೇ ಪೂರ್ತಿ ತಿಳಿಯುವಂತಿರಲಿಲ್ಲ. ಅಗೆದಂತೆ ಬಂಡೆ ತೋರಿಸಿಕೊಟ್ಟಿದ್ದನ್ನು ನೋಡಿ ಲೆಕ್ಕವನ್ನು ಮತ್ತೆ ಹಾಕಿ, ಸಿಮೆಂಟು ಹಾಲು ತುಂಬಿಸಿ, ಉಕ್ಕಿನ ಸರಳು ಕೂರಿಸಿ, ವಿನ್ಯಾಸವನ್ನು ತಿದ್ದುತ್ತ ಹೋಗಬೇಕಾಯಿತು. ಬಂಡೆಯ ಮುಂದೆ ನಿಲ್ಲದ ಎಂಜಿನಿಯರ್‌ಗೆ ಈ ಕೆಲಸ ಮಾಡಲು ಬರುವುದಿಲ್ಲ. ಅವರು ಆಮೇಲೆ, ಸಾವಿರಾರು ಜನರಲ್ಲಿ ನಾನೂ ಒಬ್ಬಳು, ನನ್ನನ್ನು ಅನಗತ್ಯವಾಗಿ ಪ್ರಸಿದ್ಧಳನ್ನಾಗಿ ಮಾಡಬೇಡಿ ಎಂಬರ್ಥದಲ್ಲಿ ಕೇಳಿಕೊಂಡರು. ನಾವು ಒಬ್ಬರಿಗೆ ಹಾರ ಹಾಕಿ, ತಾಲ್ಲೂಕಿನ ನಾಲೆಯ ಮೇಲೆ ಇರಬೇಕಾದ ಇನ್ನೊಬ್ಬಳನ್ನು ಮರೆಯುತ್ತೇವೆ.

ಹೆಣ್ಣುಮಕ್ಕಳಿಗೆ ಎಂಜಿನಿಯರಿಂಗಿನ ಬಾಗಿಲು ತೆರೆದು ಬಹಳ ಕಾಲವಾಯಿತು. ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎ. ಲಲಿತಾ ಎಲೆಕ್ಟ್ರಿಕಲ್ ಮುಗಿಸಿದ್ದು 1943ರಲ್ಲಿ. ಹದಿನೆಂಟಕ್ಕೇ ವಿಧವೆಯಾಗಿ, ಕೈಯಲ್ಲಿ ಕೂಸಿದ್ದ ಹೆಣ್ಣುಮಗಳು ಮುಂದೆ ಭಾಕ್ರಾ ನಂಗಲ್ ಯೋಜನೆಗೆ ದುಡಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ರಾಜೇಶ್ವರಿ ಚಟರ್ಜಿ 1953ರಲ್ಲಿ ಮಿಚಿಗನ್ನಿನಿಂದ ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಮರಳಿ, ಪತಿಯೊಂದಿಗೆ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದ ಟೆಲ್ಕೋ ಕಂಪನಿಯ ಜಾಹೀರಾತು ಕಂಡು ಸುಧಾ ಮೂರ್ತಿ 1974ರಲ್ಲಿ ಬರೆದ ಕಾರ್ಡಿನ ಕಥೆ ಮಕ್ಕಳಿಗೂ ಗೊತ್ತು. ಅಂಥ ಜಾಹೀರಾತು ಈಗ ಬರುವುದಿಲ್ಲ. ಅದೇ ತಡೆ ಈಗ ಕೆಲಸಕ್ಕೆ ಸೇರಿದ ಮೇಲೆ ಬರುತ್ತದೆ.

ಕಾನೂನೂ ಇದೇ ಅಕ್ಕರೆ ತೋರಿಸಿತ್ತು. 1948ರ ಕಾರ್ಖಾನೆ ಕಾಯ್ದೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರನ್ನು ಕೆಲಸಕ್ಕೆ ಹಚ್ಚಬಾರದೆಂದಿತು. ಕರ್ನಾಟಕ ಇದನ್ನು ತಿದ್ದಿದ್ದು 2023ರಲ್ಲಿ. 1952ರ ಗಣಿ ಕಾಯ್ದೆ ಭೂಗತ ಗಣಿಗೆ ಇಳಿಯುವುದನ್ನೇ ತಡೆದಿತ್ತು. ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಅದು ಸಡಿಲವಾಗಿದ್ದು 2019ರಲ್ಲಿ. ಮನೆಗಳಲ್ಲೂ ಅಷ್ಟೇ. ಸಿಇಟಿ ಆಪ್ಷನ್ ತುಂಬುವಾಗ "ಮೆಕ್ಯಾನಿಕಲ್ ಬೇಡ, ಸಿಎಸ್ ತಗೋ, ಎಸಿ ರೂಮಲ್ಲಿ ಕೆಲಸ" ಎನ್ನುವ ಅಪ್ಪಂದಿರು ಎಷ್ಟಿಲ್ಲ.

ಆದರೆ ಬಿಸಿಲಿನ ನೆಪ ನನ್ನನ್ನು ಕಾಡುವುದು ಬೇರೊಂದು ಕಾರಣಕ್ಕೆ. ಅದೇ ಸೈಟಿನಲ್ಲಿ, ಅದೇ ಮಧ್ಯಾಹ್ನ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಹೆಂಗಸರು ಸಿಂಬೆ ಸುತ್ತಿ ತಲೆಯ ಮೇಲೆ ಕಾಂಕ್ರೀಟ್ ಬಾಣಲಿ ಹೊರುತ್ತಿರುತ್ತಾರೆ. ಅವರ ಕೂಸು ಮರಳಿನ ಗುಡ್ಡೆ ಪಕ್ಕದ ಸೀರೆ ಜೋಲಿಯಲ್ಲಿ ಮಲಗಿರುತ್ತದೆ. ಅವರಿಗೆ ಬಿಸಿಲಾಯಿತೆಂದು ಯಾವ ಅಧಿಕಾರಿಯೂ ನೆರಳು ತೋರಿಸಿದ್ದನ್ನು ನಾನು ಕಂಡಿಲ್ಲ. ಹೆಣ್ಣು ಬಾಣಲಿ ಹೊತ್ತರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಅವಳು ನಕ್ಷೆ ಹಿಡಿದು, ಹೆಲ್ಮೆಟ್ ಹಾಕಿ, ಇದು ಸರಿಯಿಲ್ಲ, ಒಡೆದು ಮತ್ತೆ ಹಾಕಿ ಎನ್ನುವ ಜಾಗಕ್ಕೆ ಬಂದಾಗ ಮಾತ್ರ ಬಿಸಿಲು, ಮಳೆ, ಕತ್ತಲು ಎಲ್ಲ ನೆನಪಾಗುತ್ತವೆ.

ತೊಂದರೆಗಳೇ ಇಲ್ಲವೆಂದಲ್ಲ. ಅಪರೂಪಕ್ಕೆ ಸೈಟಿಗೆ ಹೋಗುವ ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೇನೆ ಎಂದು ಆ ಜೆಇ ಹುಡುಗಿಯೇ ಹೇಳಿದಳು. ಶೌಚಾಲಯ ಇಲ್ಲದ್ದಕ್ಕೆ. ಬಾಣಲಿ ಹೊರುವವರಿಗೂ ಅದೇ ಗತಿ, ಅವರು ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಎಂದು ಕಾಯುತ್ತಾರೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಸೈಟಿನಲ್ಲಿ ಶೌಚಾಲಯ ಇರಲೇಬೇಕೆಂದಿತ್ತು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಕೂಸುಗಳಿಗೆ ಕೋಣೆ ಬೇಕೆಂದಿತ್ತು. ಶೌಚಾಲಯ ಕಟ್ಟಿಸುವುದು ಹಿರಿಯ ಅಧಿಕಾರಿಯ ಕೈಯಲ್ಲೇ ಇರುವ ಕೆಲಸ. ಅದನ್ನು ಬಿಟ್ಟು ಹುಡುಗಿಯನ್ನೇ ಸೈಟಿನಿಂದ ತೆಗೆದುಬಿಡುವುದು ಸುಲಭದ ದಾರಿ.

ಆದ್ದರಿಂದ ನಾನು ಕೇಳುವುದು ಎರಡು. ಹೊಸದಾಗಿ ಸೇರಿದ ಪ್ರತಿ ಜೆಇ, ಗಂಡಾಗಲಿ ಹೆಣ್ಣಾಗಲಿ, ಮೊದಲ ಮೂರು ವರ್ಷ ಕಾಮಗಾರಿಯ ಮೇಲೆ ಇರಲೇಬೇಕೆಂದು ಇಲಾಖೆಗಳು ನಿಯಮ ಮಾಡಲಿ. ಆಗ ಯಾರ ಅಕ್ಕರೆಗೂ ಅಲ್ಲಿ ಜಾಗ ಇರುವುದಿಲ್ಲ. ಇನ್ನೊಂದು, ಹೆಂಗಸರ ಶೌಚಾಲಯವನ್ನು ಗುತ್ತಿಗೆದಾರನ ಮರ್ಜಿಗೆ ಬಿಡದೆ ಟೆಂಡರಿನ ಅಂದಾಜು ಪಟ್ಟಿಯಲ್ಲೇ ಪ್ರತ್ಯೇಕ ಬಾಬ್ತಾಗಿ ಸೇರಿಸಲಿ, ದರ ನಿಗದಿ ಮಾಡಲಿ. ಕಬ್ಬಿಣ, ಸಿಮೆಂಟಿನ ಹಾಗೆ ಅದನ್ನೂ ಜೆಇ ಹೋಗಿ ನೋಡಿ ಅಳತೆ ಪುಸ್ತಕದಲ್ಲಿ (ಎಂ.ಬಿ.) ಬರೆಯಲಿ. ನೀರಿಲ್ಲದಿದ್ದರೆ, ಬಾಗಿಲಿಗೆ ಚಿಲಕ ಇಲ್ಲದಿದ್ದರೆ, ಅವಳು ಸಹಿ ಹಾಕುವವರೆಗೆ ಗುತ್ತಿಗೆದಾರನ ಬಿಲ್ಲು ಪಾಸಾಗದಿರಲಿ.