ಓಟು ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ

ಸಾಂಕ್ರಾಮಿಕ ರೋಗ ತಡೆಯೋಕೆ ಯಾವ ಆಡಳಿತ ಪದ್ಧತಿ ಸರಿ? ಚೀನಾ ಥರ ಒಂದೇ ಆದೇಶಕ್ಕೆ ಎಲ್ಲ ಬಂದ್ ಆಗಬೇಕು ಅಂತ ಕೆಲವರು ಹೇಳ್ತಾರೆ. ನಿಜ, 2020ರ ಜನವರಿ 23ರಂದು ಇಡೀ ವುಹಾನ್ ನಗರವನ್ನೇ ಮುಚ್ಚಿದರು. ಆದರೆ ಅದಕ್ಕೂ ಇಪ್ಪತ್ತು ದಿನ ಮೊದಲು, ಸಹೋದ್ಯೋಗಿಗಳನ್ನು ಎಚ್ಚರಿಸಿದ ಅಲ್ಲಿನ ಡಾಕ್ಟರ್ ಲಿ ವೆನ್‌ಲಿಯಾಂಗ್ ಅವರನ್ನು ಪೊಲೀಸರು ಕರೆಸಿ, ಹೇಳಿದ್ದು ಸುಳ್ಳು ಅಂತ ಸಹಿ ಹಾಕಿಸಿಕೊಂಡಿದ್ದರು. ಫೆಬ್ರವರಿಯಲ್ಲಿ ಅದೇ ರೋಗಕ್ಕೆ ಅವರು ತೀರಿಕೊಂಡರು. ಮೊದಲು ಬಾಯಿ ಮುಚ್ಚಿಸಿದರು, ಆಮೇಲೆ ಊರು ಮುಚ್ಚಿಸಬೇಕಾಯ್ತು.

ನಮ್ಮದು ಪ್ರಜಾಪ್ರಭುತ್ವ, ಸರ್ಕಾರಕ್ಕೆ ಓಟಿನ ಭಯ ಇದೆ. ಆದರೆ ಗಡಿಯವರ ಓಟು ಒಂದು ರಾಜ್ಯದಲ್ಲಿ, ಆಸ್ಪತ್ರೆ ಇನ್ನೊಂದರಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಕಾಸರಗೋಡಿನಲ್ಲಿ ಕೊರೋನಾ ಕೇಸು ಏರಿದಾಗ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಭಯ ಸುಳ್ಳಲ್ಲ. ಆದರೆ ಮಂಜೇಶ್ವರದವರಿಗೆ ದೊಡ್ಡಾಸ್ಪತ್ರೆ ಅಂದ್ರೆ ಮಂಗಳೂರೇ. ಆಂಬುಲೆನ್ಸ್‌ಗಳು ವಾಪಸ್ ಹೋದವು. ಕೊರೋನಾ ಇಲ್ಲದವರೂ ಚಿಕಿತ್ಸೆ ಸಿಗದೆ ಸತ್ತರು.

ಸಂವಿಧಾನದಲ್ಲಿ ಆರೋಗ್ಯ ರಾಜ್ಯಗಳ ವಿಷಯ. ರಾಜ್ಯದಿಂದ ರಾಜ್ಯಕ್ಕೆ ರೋಗ ಹರಡದಂತೆ ತಡೆಯೋದು ಸಮವರ್ತಿ ಪಟ್ಟಿಯ 29ನೇ ವಿಷಯ, ಅಂದ್ರೆ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ್ದು. ಆದರೂ ತಡೆ ತೆಗೆಸಿ ಅಂತ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಬೇಕಾಯ್ತು. ರೋಗಿಗಳನ್ನು ಬಿಡೋ ನಿಯಮಕ್ಕೆ ಒಪ್ಪಿಗೆ ಆಗಿದೆ ಅಂತ ಸುಪ್ರೀಂ ಕೋರ್ಟಿಗೆ ಕೇಂದ್ರ ತಿಳಿಸಿದ್ದು ಏಪ್ರಿಲ್ 7ರಂದು. ಉಸಿರು ಕಟ್ಟಿದವರಿಗೆ ಅಷ್ಟು ದಿನ ಇರಲ್ಲ.

ಇದು ಒಕ್ಕೂಟ ಪದ್ಧತಿಯ ದೋಷವಾ? ಅಲ್ಲ. ಜರ್ಮನಿಯೂ ಒಕ್ಕೂಟವೇ. ಅದೇ ಮಾರ್ಚ್ 16ರಂದು ಅದೂ ಫ್ರಾನ್ಸ್ ಗಡಿಯಲ್ಲಿ ತಪಾಸಣೆ ಶುರು ಮಾಡಿತು. ಆದರೆ ಆ ತಿಂಗಳೇ ಅಲ್ಲಿನ ಗಡಿ ರಾಜ್ಯ ಬಾಡೆನ್-ವುರ್ಟೆಂಬರ್ಗ್‌ನ ಆಸ್ಪತ್ರೆಗಳು ಫ್ರಾನ್ಸಿನ ಕೊರೋನಾ ರೋಗಿಗಳಿಗೇ ಹಾಸಿಗೆ ಕೊಟ್ಟವು. ಅವರದ್ದು ಎರಡು ದೇಶ. ನಮ್ಮದು ಒಂದೇ ದೇಶ.

ಹೊಸೂರಿನವರಿಗೆ ಬೆಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ ಹತ್ತಿರ. ನಾಳೆ ಇನ್ನೊಂದು ರೋಗ ಬಂದ್ರೆ ಇದೇ ಕಥೆ. ಹಾಗಾಗಿ ಈಗಲೇ ಕೇಳೋಣ: ಆಂಬುಲೆನ್ಸ್, ಹೆರಿಗೆ, ಡಯಾಲಿಸಿಸ್‌ಗೆ ಯಾವ ಚೆಕ್‌ಪೋಸ್ಟೂ ಅಡ್ಡ ಬರಬಾರದು ಅಂತ ಎರಡೂ ರಾಜ್ಯಗಳು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಲಿ. ಜೊತೆಗೆ ನಮ್ಮ ತಾಲೂಕಿನಲ್ಲೇ ಒಳ್ಳೆ ಆಸ್ಪತ್ರೆ ಬರಲಿ. ಪಂಚಾಯ್ತಿ ಸಭೆಯಲ್ಲಿ ಎದ್ದು ಕೇಳಿ, ಓಟು ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ. ರೋಗ ಬಂದ ಮೇಲೆ ಕೇಳಿದ್ರೆ ಗೇಟು ಆಗಲೇ ಹಾಕಿರುತ್ತೆ.